ಗೊತ್ತಿಲ್ಲದವನ ಕರ್ಪೂರ

ದೇವರ ವಿಷಯದಲ್ಲಿ ಸೊಣ್ಣೇಪಲ್ಲಿಗೆ ಎರಡು ತಲೆನೋವುಗಳಿದ್ದವು. ಒಂದು ಆವಲಪ್ಪ, ಇನ್ನೊಂದು ಮುನಿಶಾಮಿ ಮೇಷ್ಟ್ರು. ಆವಲಪ್ಪ ಊರಿನ ದೊಡ್ಡ ಮನೆಯ ಕಿರಿಮಗ, ದೇವರು ಇಲ್ಲವೇ ಇಲ್ಲ ಎನ್ನುವವನು. ಮುನಿಶಾಮಿ ಊರಾಚೆಯ ಕಾಲೋನಿಯವನು, ದಿಬ್ಬೂರಹಳ್ಳಿ ಕಡೆಯ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು, ಕೇಳಿದರೆ ‘ಗೊತ್ತಿಲ್ಲ’ ಎನ್ನುವವನು. ಊರಿಗೆ ಮೊದಲನೆಯವನ ಮೇಲೆ ಸಿಟ್ಟಿತ್ತು, ಎರಡನೆಯವನನ್ನು ಕಂಡರೆ ಒಂಥರಾ ಪೇಚು. ಇಲ್ಲ ಎನ್ನುವವನನ್ನಾದರೆ ನಿಲ್ಲಿಸಿಕೊಂಡು ಬಯ್ಯಬಹುದು. ಗೊತ್ತಿಲ್ಲ ಎನ್ನುವವನನ್ನು ಏನೆಂದು ಬಯ್ಯುವುದು?

ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಊರೊಳಗೆ ಮುನಿಶಾಮಿ ಅವನನ್ನು ‘ಆವಲಪ್ಪಣ್ಣ’ ಎನ್ನುತ್ತಿದ್ದ, ಬಸ್ಸು ಹತ್ತಿ ದಿಬ್ಬೂರಹಳ್ಳಿ ದಾಟಿದ ಮೇಲೆ ‘ಕಣಯ್ಯ’ ಶುರುವಾಗುತ್ತಿತ್ತು. ಶಿಡ್ಲಘಟ್ಟದ ಟೀ ಅಂಗಡಿಯಲ್ಲಿ ಕೂತರೆಂದರೆ ಇವರ ವಾದ ಮುಗಿಯುತ್ತಿರಲಿಲ್ಲ, ಅಂಗಡಿಯವನು ಲೋಟ ಎತ್ತಿಕೊಂಡು ಹೋದರೂ ಏಳುತ್ತಿರಲಿಲ್ಲ.

“ನಾನು ಚಿಕ್ಕೋನಿಂದ ಆ ಗುಡಿ ಒಳಗೆ ಓಡಾಡಿದೋನು ಕಣೋ,” ಎನ್ನುತ್ತಿದ್ದ ಆವಲಪ್ಪ. “ಗಂಗಮ್ಮನಿಗೆ ನೀರು ಹಾಕಿ ಮೈ ತಿಕ್ಕಿದೀನಿ. ಕಲ್ಲು. ಬರೀ ಕಲ್ಲು. ಒಳಗೆ ಹೋಗಿ ನೋಡ್ಕೊಂಡು ಬಂದು ಹೇಳ್ತಿದೀನಿ, ಯಾರೂ ಇಲ್ಲ.”

“ನಿನ್ನ ಒಳಗೆ ಬಿಟ್ರು, ನೋಡ್ದೆ. ನಮ್ಮನ್ನ ಆಚೇನೇ ನಿಲ್ಸಿದ್ರು. ಆಚೆ ನಿಂತಿರೋನು ಒಳಗೆ ಇದಾರೆ ಅಂತ ಹೆಂಗೆ ಹೇಳ್ತಾನೆ? ಇಲ್ಲ ಅಂತ ತಾನೆ ಹೆಂಗೆ ಹೇಳ್ತಾನೆ?”

“ಇದು ಹೇಡಿ ಮಾತು. ಒಂದು ಕಾಲು ಒಳಗೆ, ಒಂದು ಕಾಲು ಆಚೆ.”

“ನನ್ನವು ಎರಡು ಕಾಲೂ ಆಚೇನೇ ಅವೆ ಕಣಯ್ಯ.”

ಆವಲಪ್ಪ ನಗುತ್ತಿದ್ದ, ಆದರೆ ಬಿಡುತ್ತಿರಲಿಲ್ಲ. “ಸರಿ, ನಿಮ್ಮನೆ ಅಟ್ಟದ ಮೇಲೆ ಹುಲಿ ಐತಾ? ಹೇಳು. ಇಲ್ಲ ಅಂತೀಯ. ಹತ್ತಿ ನೋಡಿದ್ಯಾ? ಇಲ್ಲ. ನೋಡ್ದೇನೇ ಇಲ್ಲ ಅಂತೀಯಲ್ಲ, ಅದಕ್ಕೆ ಮಾತ್ರ ಧೈರ್ಯ ಬರುತ್ತೆ, ಇದಕ್ಕೆ ಯಾಕೆ ಬರಲ್ಲ?”

“ಹುಲಿ ಹೆಂಗಿರುತ್ತೆ ಅಂತ ಗೊತ್ತು. ನಮ್ಮ ಅಟ್ಟ ಎಷ್ಟಿದೆ ಅಂತಾನೂ ಗೊತ್ತು. ಅದಕ್ಕೇ ಇಲ್ಲ ಅಂತೀನಿ. ಇದು ಹೆಂಗಿರುತ್ತೆ, ಎಲ್ಲಿರುತ್ತೆ, ಏನೂ ಗೊತ್ತಿಲ್ಲ. ಹೆಂಗೆ ಇಲ್ಲ ಅನ್ಲಿ?”

ಈ ಮಾತು ಮುನಿಶಾಮಿಗೆ ಅವನಪ್ಪ ಗಂಗುಲಪ್ಪನಿಂದ ಬಂದ ಆಸ್ತಿ. ಗಂಗುಲಪ್ಪ ಕೆಜಿಎಫ್ ಗಣಿಯಲ್ಲಿ ದುಡಿದು, ಕೊನೆಗೆ ಕೆಮ್ಮು ಕಟ್ಟಿಕೊಂಡು ಊರಿಗೆ ಬಂದವನು. ಬರುವಾಗ ಕಟ್ಟು ಹಾಕಿಸಿದ ಬುದ್ಧನ ಪಟವೊಂದನ್ನು ತಂದು ಗೋಡೆಗೆ ನೇತುಹಾಕಿದ್ದ. “ದೇವರಿದಾನಾ ಅಂತ ಕೇಳಿದ್ರೆ ಇವರು ಸುಮ್ನಿರ್ತಿದ್ರಂತೆ ಕಣಪ್ಪ” ಎಂದು ಹೇಳಿ ತಾನೂ ಸುಮ್ಮನಾಗುತ್ತಿದ್ದ. ಆ ಸುಮ್ಮನಿರುವಿಕೆಯಲ್ಲಿ ಒಂದು ಮರ್ಯಾದೆಯಿದೆ ಎಂದು ಮುನಿಶಾಮಿಗೆ ಅನ್ನಿಸುತ್ತಿತ್ತು. ತನಗೆ ತಿಳಿಯದ್ದನ್ನು ತಿಳಿಯದು ಎನ್ನುವುದಕ್ಕಿಂತ ಸಾಚಾ ಮಾತು ಇನ್ನೊಂದಿಲ್ಲ ಎಂದೇ ಅವನು ನಂಬಿದ್ದ. ಆ ನಂಬಿಕೆಯ ಬಗ್ಗೆ ಅವನಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಇರಲಿ, ಮೇಷ್ಟ್ರಾದವನಿಗೆ ಅಷ್ಟೂ ಇಲ್ಲದಿದ್ದರೆ ಹೇಗೆ.

ವಾದ ಎಷ್ಟೇ ಇರಲಿ, ಆವಲಪ್ಪನೆಂದರೆ ಮುನಿಶಾಮಿಗೆ ಪ್ರಾಣ. ಅದಕ್ಕೆ ಕಾರಣವಿತ್ತು. ಹೈಸ್ಕೂಲಿನ ದಿನಗಳಲ್ಲಿ ಒಮ್ಮೆ ಆವಲಪ್ಪ ಇವನ ಕೈ ಹಿಡಿದು ತನ್ನ ಮನೆಯ ನಡುಮನೆಗೇ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿಕೊಂಡು ಮುದ್ದೆ ಉಂಡಿದ್ದ. ಇವನು ಎದ್ದು ಹೋದ ಮೇಲೆ ತಾಯಿ ಚಿಕ್ಕವೆಂಕಟಮ್ಮ ಆ ಜಾಗ ಸಾರಿಸಲು ಸಗಣಿ ನೀರು ತಂದರೆ, ಮಗ ಆ ಜಾಗ ಬಿಟ್ಟು ಏಳಲೇ ಇಲ್ಲ. ಅಪ್ಪ ಬಂದು ಕೂಗಾಡಿದರೂ ಏಳಲಿಲ್ಲ, ಸಂಜೆಯವರೆಗೆ ಅಲ್ಲೇ ಕೂತಿದ್ದ. ಇದನ್ನು ಆವಲಪ್ಪ ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ. ಆ ಮನೆಯ ಕೂಲಿ ಹೆಂಗಸರ ಬಾಯಿಂದ ಕೇಳಿದ ಮುನಿಶಾಮಿ ಯಾವತ್ತೂ ಮರೆತವನೂ ಅಲ್ಲ.

ಎಂಬತ್ತೇಳನೇ ಇಸವಿಯ ಚಳಿಗಾಲದಲ್ಲಿ, ಅವರೆಕಾಯಿ ಬರುವ ಹೊತ್ತಿಗೆ, ಈ ಇಬ್ಬರ ಟೀ ಅಂಗಡಿಯ ಮಾತು ನಿಜವಾಗಿಯೂ ಊರಿನ ಕಟ್ಟೆಗೆ ಬಂದು ನಿಂತಿತು.

ಒಂದು ಭಾನುವಾರ ಶಿಡ್ಲಘಟ್ಟದಲ್ಲಿ ಪವಾಡಗಳ ಗುಟ್ಟು ಬಯಲು ಮಾಡುವ ಕಾರ್ಯಕ್ರಮವಿತ್ತು. ಅಂಥ ಕಡೆ ಆವಲಪ್ಪನದು ಒಂದೇ ಕಸುಬು, ಉರಿಯುವ ಕರ್ಪೂರವನ್ನು ನಾಲಿಗೆಯ ಮೇಲಿಟ್ಟುಕೊಂಡು ಬಾಯಿ ಮುಚ್ಚುವುದು. ಜನ ‘ಹೋ’ ಎಂದು ಚಪ್ಪಾಳೆ ಹೊಡೆದ ಮೇಲೆ, ಎಂಜಲು ಇರುವವರೆಗೆ ಸುಡುವುದಿಲ್ಲ, ಇದರಲ್ಲಿ ಯಾವ ದೇವರ ಮಹಿಮೆಯೂ ಇಲ್ಲ ಎಂದು ಬಿಡಿಸಿ ಹೇಳುತ್ತಿದ್ದ. ಮೊದಲ ಬಸ್ಸಿಗೆ ಇಬ್ಬರೂ ಹೋಗುವುದೆಂದು ಮಾತಾಗಿತ್ತು. ಆವಲಪ್ಪ ಬಸ್ಸಿಗೆ ಬರಲಿಲ್ಲ. ಮುನಿಶಾಮಿ ಒಬ್ಬನೇ ಹೋಗಿ ಕಾದ. ಮಧ್ಯಾಹ್ನ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಆವಲಪ್ಪ ಏದುಸಿರು ಬಿಡುತ್ತಾ ಬಂದ. ಅಂಗಿಯಿಂದ ಟೊಮೇಟೊಗೆ ಹೊಡೆಯುವ ಮದ್ದಿನ ಘಾಟು ಬರುತ್ತಿತ್ತು. ಮುನಿಶಾಮಿ ಏನೂ ಕೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಕೊಂಡಪ್ಪನ ಮನೆಯ ರೇಷ್ಮೆ ಹುಳು ಸತ್ತವು. ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು, ಸೊಪ್ಪು ಹಾಕಿದಷ್ಟೂ ಮಳೆ ಬಿದ್ದಂತೆ ಸದ್ದು ಮಾಡಿ ತಿನ್ನುವ ಹುಳು, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು. ಅಂಥ ಹುಳು ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಕ್ಕಿ, ತಟ್ಟೆ ತಟ್ಟೆಯೇ ಮಲಗಿಬಿಟ್ಟಿತು. ರೋಗದ ಸಾವು ಹೀಗಿರುವುದಿಲ್ಲ. ಸೊಪ್ಪಿಗೆ ಮದ್ದು ತಾಗಿದರೆ ಮಾತ್ರ ಹುಳು ಹೀಗೆ ಸಾಯುತ್ತದೆ ಎಂಬುದು ಆ ಊರಿನ ಕೂಸಿಗೂ ಗೊತ್ತು. ಅದಕ್ಕೇ ಅಲ್ಲಿ ಒಂದು ಕಟ್ಟುಪಾಡಿದೆ. ಯಾರೇ ಹೊಲಕ್ಕೆ ಮದ್ದು ಹೊಡೆಯುವುದಿದ್ದರೆ ಹಿಂದಿನ ಸಂಜೆಯೇ ಅಕ್ಕಪಕ್ಕದ ಹಿಪ್ಪುನೇರಳೆ ತೋಟದವರ ಮನೆಗೆ ಹೋಗಿ ಬಾಗಿಲಲ್ಲಿ ನಿಂತು, “ನಾಳೆ ಮದ್ದು ಹೊಡೀತೀನಿ, ಸೊಪ್ಪು ಕೊಯ್ಕೊಂಡ್ಬಿಡಿ” ಎಂದು ಹೇಳಿ ಬರಬೇಕು. ದಾಯಾದಿ ಜಗಳವಿದ್ದು ಮುಖ ನೋಡದವರೂ ಇದೊಂದು ಮಾತನ್ನು ಹೇಳಿಯೇ ಹೇಳುತ್ತಾರೆ.

ಕೊಂಡಪ್ಪನ ತೋಟದ ಪಕ್ಕದ್ದು ಆವಲಪ್ಪನ ಟೊಮೇಟೊ. ಯಾರೂ ಬಂದು ಹೇಳಿರಲಿಲ್ಲ. ಭಾನುವಾರ ಮಧ್ಯಾಹ್ನ ಕೊಯ್ದ ಸೊಪ್ಪು ಹಾಕಿದ ಮೇಲೆಯೇ ಹುಳು ಬಿದ್ದದ್ದು.

ಗಂಗಮ್ಮನ ಗುಡಿಯ ಮುಂದಿನ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಮಂಡಲ ಪಂಚಾಯ್ತಿ ಬಂದ ಹೊಸದು, ಆದರೂ ಇಂಥ ವಿಷಯಗಳಿಗೆಲ್ಲ ಹಿರಿಯ ನಲ್ಲಪ್ಪನ ಕಟ್ಟೆಯೇ ಆಗಬೇಕು. ಕೊಂಡಪ್ಪ ಸತ್ತ ಹುಳುವಿನ ತಟ್ಟೆಯೊಂದನ್ನು ಹೊತ್ತು ತಂದು ಎಲ್ಲರ ನಡುವೆ ಇಟ್ಟ. ಸಂಕಟ ಬಂದರೆ ಅವನಿಗೆ ಕನ್ನಡ ಹೋಗಿ ತೆಲುಗು ಬರುತ್ತಿತ್ತು. “ಅನ್ನೀ ಪೋಯೆ,” ಎಂದು ಅಷ್ಟೇ ಹೇಳಿದ. ಎಲ್ಲ ಹೋಯಿತು ಎಂಬುದನ್ನು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ, ತಟ್ಟೆಯಿಂದ ನಾರುವ ವಾಸನೆಯೇ ಹೇಳುತ್ತಿತ್ತು.

“ಭಾನುವಾರ ನಾನು ಊರಲ್ಲೇ ಇರ್ಲಿಲ್ಲ,” ಎಂದ ಆವಲಪ್ಪ. “ಬೆಳಗ್ಗೆಯಿಂದ ಶಿಡ್ಲಘಟ್ಟದಲ್ಲಿದ್ದೆ. ಮುನಿಶಾಮಿನ ಕೇಳಿ.”

“ಹಂಗಾದ್ರೆ ಅಮ್ಮನ ಮುಂದೆ ಕರ್ಪೂರ ಆರಿಸಿ ಹೇಳಪ್ಪ,” ಎಂದ ನಲ್ಲಪ್ಪ. ಕರ್ಪೂರ ಹಚ್ಚಿ, ಮಾತು ಹೇಳಿ, ಉರಿಯುವುದನ್ನು ಅಂಗೈಯಿಂದ ಆರಿಸಿದರೆ ಅದು ಪ್ರಮಾಣ. ಆಮೇಲೆ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ.

“ತನ್ನಿ, ಎಷ್ಟು ಬೇಕೋ ಅಷ್ಟು ಆರಿಸ್ತೀನಿ.”

ಹೆಂಗಸರ ಗುಂಪಿನಿಂದ ಕೊಂಡಪ್ಪನ ಹೆಂಡತಿ ಕದಿರಮ್ಮನ ದನಿ ಸೀಳಿಕೊಂಡು ಬಂತು. “ಅವನು ಕರ್ಪೂರ ತಿನ್ನೋನು ಕಣ್ರಪ್ಪೋ! ನಾಲಿಗೆ ಮೇಲೆ ಉರಿಸಿ ನುಂಗೋನಿಗೆ ಕೈಲಿ ಆರಿಸೋದು ಯಾವ ದೊಡ್ಡದು?”

ಆ ಹೆಂಗಸಿನ ಮಾತಿನಲ್ಲಿ ನ್ಯಾಯವಿತ್ತು. ನಲ್ಲಪ್ಪ ಮೀಸೆ ಎಳೆದುಕೊಂಡು ಯೋಚಿಸಿದ. “ಹೌದಪ್ಪಾ ಆವಲಪ್ಪ. ನಿನಗೆ ದೇವರೇ ಇಲ್ಲ ಅಂದ್ಮೇಲೆ ನೀನು ಆರಿಸಿದ್ರೆ ಒಲೆ ಆರಿಸ್ದಂಗೆ. ಅದು ಪ್ರಮಾಣ ಆಗಲ್ಲ,” ಎಂದು ಹೇಳಿ, ದೂರದಲ್ಲಿ ಕಾಲೋನಿಯವರ ಜೊತೆ ನಿಂತಿದ್ದ ಮುನಿಶಾಮಿಯ ಕಡೆ ತಿರುಗಿದ. “ಏನಪ್ಪಾ ಮೇಷ್ಟ್ರೇ, ನಿನ್ನ ಲೆಕ್ಕದಲ್ಲಿ ದೇವರಿದಾನಾ, ಇಲ್ವಾ?”

ಮುನಿಶಾಮಿಯ ಬಾಯಿಂದ ರೂಢಿಯ ಮಾತೇ ಬಂತು. “ಗೊತ್ತಿಲ್ಲ.”

ಯಾರೋ ನಕ್ಕರು. ನಲ್ಲಪ್ಪ ನಗಲಿಲ್ಲ. “ಗೊತ್ತಿಲ್ಲ ಅಂದ್ರೆ ಒಳಗೊಳಗೆ ಭಯ ಐತೆ ಅಂತ. ಅಷ್ಟು ಸಾಕು. ಶುಕ್ರವಾರ ಇವನು ಆರಿಸ್ಲಿ. ಇವನು ಬೆಳಗ್ಗೆಯಿಂದ ಜೊತೇಲಿದ್ದ ಅಂದ್ರೆ ಇದ್ದ. ಕೊಂಡಪ್ಪ, ಒಪ್ಪಿಗೇನಾ?”

ಕೊಂಡಪ್ಪ ಮೇಷ್ಟ್ರ ಮುಖವನ್ನು ನೋಡಿದ. ತನ್ನ ಮೊಮ್ಮಗನಿಗೆ ಅಕ್ಷರ ತಿದ್ದಿಸಿದ ಮುಖ. ಒಪ್ಪಿಗೆ ಎಂದು ತಲೆಯಾಡಿಸಿದ.

ಮನೆ ಕಡೆ ನಡೆಯುವಾಗ ಮುನಿಶಾಮಿಯ ಕಾಲು ನೆಲದ ಮೇಲಿರಲಿಲ್ಲ. ಇಡೀ ಊರು ಅವನ ಮಾತಿಗೆ ಕಾಯುತ್ತಿದೆ! ಅವನಪ್ಪನ ಮಾತನ್ನು, ತಾತನ ಮಾತನ್ನು ಈ ಕಟ್ಟೆ ಎಂದೂ ಕೇಳಿದ್ದಲ್ಲ, ಬಯ್ಯುವುದಕ್ಕೆ ಮಾತ್ರ ಕರೆದದ್ದು. ಆದರೆ ಅವನ ಜೀವ ಹಿಗ್ಗಿದ್ದು ಕಾಲೋನಿಯ ನೀರಿನ ತೊಟ್ಟಿಯ ತನಕ ಅಷ್ಟೇ. ಆ ಭಾನುವಾರ ಬೆಳಗ್ಗೆ ಆವಲಪ್ಪ ತನ್ನ ಜೊತೆ ಇರಲಿಲ್ಲ ಎಂಬುದು ಅಲ್ಲಿ ನೆನಪಾಯಿತು. ಇಷ್ಟು ದಿನಕ್ಕೆ ಬೆಲೆ ಬಂದ ಮಾತು ಸುಳ್ಳು ಹೇಳುವುದಕ್ಕೆ ಬಂತಲ್ಲ ಎಂದು ಅವನಿಗೆ ಅಳು ಬರುವಂತಾಯಿತು.

ಮಾರನೆಯ ಸಂಜೆ ಆವಲಪ್ಪ ಕೆರೆ ಏರಿಯ ಮೇಲೆ ಸಿಕ್ಕಿದ. ಸುತ್ತಿ ಬಳಸಿ ಮಾತಾಡಲಿಲ್ಲ.

“ನಾನೇ ಹೊಡ್ದಿದ್ದು ಕಣೋ. ಗಿಡಕ್ಕೆ ಹುಳ ಬಿದ್ದಿತ್ತು, ಬೆಳಗ್ಗೆ ಬೇಗ ಹೊಡ್ದು ಬಸ್ ಹಿಡಿಯಣ ಅಂತ ಹೋದೆ. ಗಾಳಿ ಇರ್ಲಿಲ್ಲ. ಆಮೇಲೆ ಎದ್ದುಬಿಡ್ತು. ಹಿಂದಿನ ದಿನ ಹೋಗಿ ಹೇಳ್ಬೇಕಿತ್ತು. ಭಾಷಣ ಬರ್ಕೊಂಡು ಕೂತಿದ್ದೆ, ಮರ್ತೇ ಹೋಯ್ತು.”

“ಅದನ್ನೇ ಹೇಳ್ಬೌದಿತ್ತಲ್ಲ ಕಣಯ್ಯ. ಯಾರಿಗೂ ಆಗೋ ತಪ್ಪು.”

“ಯಾರಿಗೂ ಆಗೋ ತಪ್ಪು, ನನಗೆ ಆಗಬಾರದು!” ಎಂದ ಆವಲಪ್ಪ. “ನಾನು ಒಪ್ಕೊಂಡ್ರೆ ಏನಂತಾರೆ? ದೇವರ ಭಯ ಇಲ್ದೋನು ಹಿಂಗೇ ಮಾಡೋದು ಅಂತಾರೆ. ದೇವರಿಲ್ದೇನೂ ನ್ಯಾಯವಾಗಿ ಬದುಕ್ಬೌದು ಅಂತ ಇಷ್ಟು ವರ್ಷ ಬಾಯಿ ಬಡ್ಕೊಂಡಿದೀನಿ. ಎಲ್ಲ ನೀರಲ್ಲಿ ಹೋಗುತ್ತೆ. ಕೊಂಡಪ್ಪಂಗೆ ನಾನು ಬೇರೆ ಥರ ಸರಿ ಮಾಡ್ತೀನಿ. ನೀನು ಒಂದು ಮಾತು ಹೇಳು. ಬರೀ ಕರ್ಪೂರ ಕಣೋ ಅದು.”

ಮುನಿಶಾಮಿ ನೀರಿನ ಕಡೆ ನೋಡುತ್ತಾ ನಿಂತ. “ಅನಸೂಯ ಬಸುರಿ,” ಎಂದ.

ಆವಲಪ್ಪನಿಗೆ ಅದು ಗೊತ್ತಿತ್ತು. ಮೊದಲು ಎರಡು ಸಲ ಬಸಿರು ನಿಲ್ಲದೆ ಹೋದದ್ದೂ, ಎರಡನೇ ಸಲ ಅನಸೂಯಮ್ಮ ಮಾತು ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದ್ದೂ ಗೊತ್ತಿತ್ತು. ಅವನು ಏರಿಯ ಕಲ್ಲೊಂದನ್ನು ಕಾಲಿನಿಂದ ನೀರಿಗೆ ತಳ್ಳಿದ. ಆಮೇಲೆ, “ಅದಕ್ಕೂ ಇದಕ್ಕೂ ಏನೋ ಸಂಬಂಧ?” ಎಂದ. “ಮಕ್ಕಳಿಗೆ ವಿಜ್ಞಾನ ಹೇಳಿಕೊಡೋನು ನೀನು.”

“ಸಂಬಂಧ ಇಲ್ಲ ಅಂತ ನಿನಗೆ ಗೊತ್ತು. ನನಗೆ ಗೊತ್ತಿಲ್ಲ.”

“ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ! ಒಂದು ಸಲ, ನನಗೋಸ್ಕರ, ಒಂದೇ ಒಂದು ಸಲ ಗೊತ್ತು ಅನ್ನು.”

ಮುನಿಶಾಮಿಯ ಕಣ್ಣಿಗೆ ಕಟ್ಟಿದ್ದು ಆ ನಡುಮನೆ, ಸಗಣಿ ನೀರಿನ ಪಾತ್ರೆ, ಜಾಗ ಬಿಟ್ಟೇಳದೆ ಕೂತ ಹುಡುಗ. “ಆಯ್ತು” ಎಂದುಬಿಟ್ಟ.

ಶುಕ್ರವಾರ ಬರುವವರೆಗೆ ಅವನು ತನ್ನೊಳಗೆ ತಾನೇ ಪಾಠ ಒಪ್ಪಿಸಿಕೊಂಡ. ದೇವರಿಲ್ಲದಿದ್ದರೆ ಚಿಂತೆಯೇ ಇಲ್ಲ, ಆವಲಪ್ಪ ಹೇಳಿದಂತೆ ಬರೀ ಕರ್ಪೂರ. ಇದ್ದರೆ? ಇದ್ದರೆ, ಗೆಳೆಯನಿಗಾಗಿ ಅಪ್ಪ ಹೇಳಿದ ಸುಳ್ಳಿಗೆ ಹೊಟ್ಟೆಯೊಳಗಿನ ಕೂಸನ್ನು ಹಿಡಿಯುವಷ್ಟು ಸಣ್ಣ ಬುದ್ಧಿ ಅದಕ್ಕಿರುತ್ತದೆಯೇ? ಇರಲಾರದು ಎಂದು ಸಮಾಧಾನವಾಗುತ್ತಿತ್ತು. ಆದರೆ ಇವರನ್ನೆಲ್ಲ ತಲೆತಲಾಂತರ ಬಾಗಿಲಾಚೆ ನಿಲ್ಲಿಸಿ ಸುಮ್ಮನೆ ನೋಡುತ್ತಿದ್ದ ದೇವರು ಅದು. ಅದರ ಬುದ್ಧಿ ಎಷ್ಟು ದೊಡ್ಡದು ಎಂದು ಯಾರು ಹೇಳಬೇಕು? ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿದ್ದವನು ನಡುವೆ ತಪ್ಪಿದ, ಮಕ್ಕಳು ಕಿಸಕ್ಕೆಂದವು. ಮನೆಯಲ್ಲಿ ಹೆಂಡತಿಗೆ, ಶುಕ್ರವಾರ ಗುಡಿ ಹತ್ತಿರ ಆವಲಪ್ಪಣ್ಣನ ಪರವಾಗಿ ಎರಡು ಮಾತು ಹೇಳಬೇಕು ಎಂದಷ್ಟೇ ಹೇಳಿದ. ಕರ್ಪೂರದ ವಿಷಯ ಎತ್ತಲಿಲ್ಲ. ಎತ್ತುವ ಧೈರ್ಯ ಇರಲಿಲ್ಲ ಎಂಬುದೇ ನಿಜ.

ಶುಕ್ರವಾರ ಅನಸೂಯಮ್ಮ ಒಗೆದ ಅಂಗಿ ತಂದು ಕೊಟ್ಟಳು. ಗುಂಡಿ ಹಾಕಿಕೊಳ್ಳುವಾಗ ಎದುರಿಗೆ ನಿಂತು, “ಹೆಂಗೂ ಹೋಗ್ತಿದೀರಲ್ಲ, ಆ ಅಮ್ಮನ ಕಡೆ ಒಂದು ಸಲ ಕೈ ಮುಗ್ದು ಬನ್ನಿ,” ಎಂದಳು. “ನಂಬಿಕೆ ಇಲ್ದಿದ್ರೂ ಪರ್ವಾಗಿಲ್ಲ. ಈ ಸಲ ನಿಂತ್ರೆ ಸಾಕು ನಂಗೆ.” ಅವನು ಹೂಂ ಎಂದು ತಲೆ ತಗ್ಗಿಸಿ ಹೊರಟ.

ಗುಡಿಯ ಮುಂದೆ ಜನ ನೆರೆದಿದ್ದರು. ಕಾಲೋನಿಯವರು ಗರುಡಗಂಬ ದಾಟಿ ಬರುವಂತಿಲ್ಲ. ಹಾಗೆಂದು ಪ್ರಮಾಣ ನಿಲ್ಲಿಸಲಾಗುತ್ತದೆಯೇ? ಪೂಜಾರಿ ಒಳಗಿನಿಂದ ವೀಳ್ಯದೆಲೆಯ ಮೇಲೆ ಕರ್ಪೂರವಿಟ್ಟುಕೊಂಡು ಬಂದು ಕಂಬದ ಬುಡದ ಕಲ್ಲಿನ ಮೇಲಿಟ್ಟ. ಇಷ್ಟು ವರ್ಷ ಇವರನ್ನು ಒಳಗೆ ಕರೆಯದ ಅಮ್ಮ ಸಾಕ್ಷಿ ಬೇಕಾದಾಗ ತಾನೇ ಆಚೆ ಬಂದಿದ್ದಳು. ಇದನ್ನು ನೋಡಿ ನಗಬೇಕಾದವನು ಆವಲಪ್ಪ, ಆದರೆ ಅವತ್ತು ಅವನ ಮುಖದಲ್ಲಿ ನಗುವಿರಲಿಲ್ಲ. ಮುನಿಶಾಮಿಯ ಪಕ್ಕದಲ್ಲೇ ಬಂದು ನಿಂತಿದ್ದ. ಆಚೆ ಬದಿಯಲ್ಲಿ ಕೊಂಡಪ್ಪ ಕೈ ಕಟ್ಟಿಕೊಂಡು ನಿಂತಿದ್ದ.

ಪೂಜಾರಿ ಕಡ್ಡಿ ಗೀರಿದ. ಕರ್ಪೂರ ಹತ್ತಿಕೊಂಡಿತು.

“ನಾನು ಹೇಳ್ದಂಗೆ ಹೇಳಪ್ಪ,” ಎಂದ ನಲ್ಲಪ್ಪ. “ಭಾನುವಾರ ಬೆಳಗ್ಗೆಯಿಂದ ಆವಲಪ್ಪ ನನ್ನ ಜೊತೇಲೇ ಇದ್ದ.”

“ಭಾನುವಾರ ಬೆಳಗ್ಗೆಯಿಂದ ಆವಲಪ್ಪಣ್ಣ ನನ್ನ ಜೊತೇಲೇ ಇದ್ರು.” ದನಿ ಅಲುಗಲಿಲ್ಲ. ಅದಕ್ಕೆ ಮುನಿಶಾಮಿಗೇ ಆಶ್ಚರ್ಯವಾಯಿತು.

“ಈ ಮಾತು ಸುಳ್ಳಾದ್ರೆ ನನ್ನ ಮನೆ ದೀಪ ಆರ್ಲಿ.”

ಇದು ಹಳೆಯ ಕ್ರಮ. ಈ ಮಾತು ಬರುತ್ತದೆಂದು ಮುನಿಶಾಮಿಗೆ ಗೊತ್ತಿರಬೇಕಿತ್ತು. ಮನೆಯ ದೀಪ ಎಂದರೆ ಏನೆಂದು ಅಲ್ಲಿದ್ದ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಮುನಿಶಾಮಿ ಉರಿಯನ್ನೇ ನೋಡಿದ. ಅವನ ತಲೆಯೊಳಗೆ ಯಾವ ವಾದವೂ ಇರಲಿಲ್ಲ, ಬುದ್ಧನೂ ಇರಲಿಲ್ಲ, ಗಂಗಮ್ಮನೂ ಇರಲಿಲ್ಲ. ಎಲ್ಲರೂ ಕಾಯುತ್ತಿದ್ದಾರೆ, ಬೇಗ ಮುಗಿಸಬೇಕು ಎಂಬುದೊಂದೇ ಇತ್ತು.

“ಈ ಮಾತು ಸುಳ್ಳಾದ್ರೆ, ನನ್ನ ಮನೆ ದೀಪ ಆರ್ಲಿ,” ಎಂದ. ಬಗ್ಗಿ ಕೈ ನೀಡಿದ. ಅಂಗೈಗೆ ಬಿಸಿ ತಾಗಿತು.

ಆಗ ಅವನ ಮಣಿಕಟ್ಟನ್ನು ಯಾರೋ ಹಿಡಿದೆಳೆದರು. ಮೂಳೆ ನೋಯುವಂಥ ಹಿಡಿತ.

“ಬ್ಯಾಡ. ಬಿಡೋ. ಬ್ಯಾಡ,” ಎನ್ನುತ್ತಿದ್ದ ಆವಲಪ್ಪ. ಅವನ ಕೈ ಗಡಗಡ ನಡುಗುತ್ತಿತ್ತು. “ನಾನೇ ಹೊಡ್ದಿದ್ದು. ನಾನೇ. ಇವನು ನನಗೋಸ್ಕರ ಹೇಳ್ತಿದಾನೆ. ಕೊಂಡಪ್ಪಣ್ಣ, ನಾನೇ ಕಣಣ್ಣ.”

ಯಾರೂ ಆರಿಸದ ಕರ್ಪೂರ ತನ್ನಷ್ಟಕ್ಕೆ ಉರಿದು ಮುಗಿಯಿತು.

ಕದಿರಮ್ಮ ನಿಂತಲ್ಲೇ ಅಡ್ಡಬಿದ್ದಳು. “ಬಾಯಿ ಬಿಡಿಸಿದ್ಯೇನಮ್ಮಾ! ದೇವರಿಲ್ಲ ಅನ್ನೋನ ಬಾಯಿಂದಾನೇ ಬಿಡಿಸಿದ್ಯೇನಮ್ಮಾ ತಾಯೀ!” ಅವಳ ಹಿಂದೆ ಹೆಂಗಸರು, ಅವರ ಹಿಂದೆ ಗಂಡಸರು ಕೈಮುಗಿದರು. ನಲ್ಲಪ್ಪ ಕೂಡ ಹೆಗಲ ಟವೆಲ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡು ಗುಡಿಯ ಕಡೆ ತಲೆಬಾಗಿದ. ಮುಂದಿನ ಬೆಳೆಗೆ ಆವಲಪ್ಪನ ಇನ್ನೊಂದು ತೋಟದ ಹಿಪ್ಪುನೇರಳೆ ಸೊಪ್ಪೆಲ್ಲ ಕೊಂಡಪ್ಪನಿಗೆ ಎಂದು ತೀರ್ಮಾನವಾಯಿತು. ತಪ್ಪಿಗೆ ಅಮ್ಮನಿಗೆ ಒಂದು ಕಾಯಿ ಒಡೆಯಬೇಕು ಎಂದೂ ಆಯಿತು. ಸುಳ್ಳು ಹೇಳಹೊರಟ ಮೇಷ್ಟ್ರನ್ನು ಯಾರೂ ಏನೂ ಅನ್ನಲಿಲ್ಲ. ಅವನನ್ನು ಮರೆತೇಬಿಟ್ಟಿದ್ದರು. ಕೊಂಡಪ್ಪ ಮಾತ್ರ ಹೋಗುವಾಗ ಒಮ್ಮೆ ತಿರುಗಿ ನೋಡಿದ. ಆ ನೋಟವನ್ನು ಮುನಿಶಾಮಿಗೆ ತಾಳಿಕೊಳ್ಳಲಾಗಲಿಲ್ಲ.

ಆವಲಪ್ಪ ಎದುರು ಮಾತಾಡದೆ ಕಾಯಿ ಒಡೆದ. ಕಾಯಿ ಸರಿಯಾಗಿ ಎರಡು ಹೋಳಾಯಿತು. ಅದಕ್ಕೂ ಜನ ಕೈಮುಗಿದರು.

ಇಬ್ಬರೂ ಕೆರೆ ಏರಿ ಹತ್ತಿದರು. ಆವಲಪ್ಪನೇ ಮೊದಲು ಬಾಯಿ ತೆರೆದ. “ನೋಡ್ದಾ? ಆ ಕಲ್ಲಿಗೆ ಇನ್ನೊಂದು ಪವಾಡ ಮಾಡ್ಕೊಟ್ಟೆ ನಾನು. ಇನ್ನು ಈ ಊರಲ್ಲಿ ನಾನು ಬಾಯಿ ಬಿಡೋ ಹಂಗಿಲ್ಲ.”

“ಯಾಕೆ ಹಿಡ್ಕೊಂಡೆ?” ಎಂದ ಮುನಿಶಾಮಿ. “ಭಯ ಆಯ್ತಾ?”

“ಯಾರ ಭಯ? ದೇವರ ಭಯಾನಾ?” ಆವಲಪ್ಪ ನಿಂತ. ಅವನ ಕಣ್ಣು ಕೆಂಪಾಗಿತ್ತು. “ಯಾರೂ ಇಲ್ಲ ಕಣೋ ಅಲ್ಲಿ. ಇವತ್ತೂ ಹೇಳ್ತೀನಿ, ಯಾರೂ ಇಲ್ಲ. ಆದ್ರೆ ನೀನಿದೀಯಲ್ಲ. ನಾಳೆ ಹೆರಿಗೇಲಿ ಏನಾದ್ರೂ ಹೆಚ್ಚು ಕಮ್ಮಿ ಆದ್ರೆ, ಡಾಕ್ಟ್ರು ನೂರು ಕಾರಣ ಹೇಳ್ಲಿ, ನೀನು ಸಾಯೋವರ್ಗೂ ಆ ಕರ್ಪೂರಾನೇ ನೋಡ್ತಾ ಕೂತಿರ್ತೀಯ. ನೀನು ಆ ಮಾತು ಅಂದ ತಕ್ಷಣ ನನಗೆ ಅದು ಕಾಣಿಸ್ತು. ಅಷ್ಟೇ.”

“ನಿನ್ನ ಕೈ ನಡುಗ್ತಿತ್ತು.”

“ನಡುಗ್ಲಿ ಬಿಡು,” ಎಂದು ಆವಲಪ್ಪ ತೋಟದ ದಾರಿ ಹಿಡಿದ. ಅವನು ಹೇಳಿದ್ದು ಪೂರ್ತಿ ನಿಜವೋ, ಇಲ್ಲ ಆ ಉರಿಯ ಮುಂದೆ ಒಂದು ಗಳಿಗೆ ಅವನಿಗೂ ಏನಾದರೂ ಅನ್ನಿಸಿತೋ, ಮುನಿಶಾಮಿ ಮತ್ತೆಂದೂ ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎನ್ನಿಸಿತ್ತು.

ಮನೆಯ ಬಾಗಿಲಿಗೆ ಬಂದಾಗ ಇನ್ನೂ ಬಿಸಿಲಿತ್ತು. ಅನಸೂಯಮ್ಮ ಗೋಡೆಗೊರಗಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳ ತಲೆಯ ಮೇಲೆ ಗಂಗುಲಪ್ಪ ತಂದ ಬುದ್ಧನ ಪಟ, ಅದರ ಪಕ್ಕದಲ್ಲಿ ಅವಳು ತವರಿನಿಂದ ತಂದ ಗಂಗಮ್ಮನ ಪಟ. ಅವನು ಚಪ್ಪಲಿ ಬಿಡುವಾಗ ಅವಳು ತಲೆ ಎತ್ತಲಿಲ್ಲ. ಬೋರ್‌ವೆಲ್ ಹತ್ತಿರ ಹೆಂಗಸರು ಸುದ್ದಿ ಮುಟ್ಟಿಸಿದ್ದಾರೆ ಎಂದು ಅವನಿಗೆ ಅರ್ಥವಾಯಿತು.

“ಕರ್ಪೂರ ಆರಿಸೋಕೆ ಹೋಗಿದ್ರಂತೆ,” ಎಂದಳು.

ಅವನು ಚಪ್ಪಲಿಯನ್ನು ಗೋಡೆ ಬದಿಗೆ ಸರಿಸಿದ.

“ಮನೆ ದೀಪ ಆರ್ಲಿ ಅಂದ್ರಂತೆ.”

“ಅನಸೂಯ, ಆವಲಪ್ಪಣ್ಣ ನನಗೆ ಏನು ಅಂತ ನಿನಗೆ ಗೊತ್ತಲ್ಲ. ಅವರು ಕೇಳಿದ್ಮೇಲೆ...”

“ಅವರು ಕೇಳಿದ್ರು. ಅವರೇ ಕೈ ಹಿಡ್ಕೊಂಡ್ರು.” ಅವಳು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. ದನಿ ಏರಿರಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ಹೆದರಿಕೆಯಾಯಿತು. “ಒಂದು ಮಾತು ಕೇಳ್ತೀನಿ, ಹೇಳಿ. ದೇವರಿಲ್ಲ ಅನ್ನೋರು ಆವಲಪ್ಪಣ್ಣ. ಅವರು ಆರಿಸಿದ್ರೆ ನಂಗೆ ಅರ್ಥ ಆಗ್ತಿತ್ತು, ಅವರಿಗೆ ಅಲ್ಲಿ ಯಾರೂ ಇಲ್ಲ. ನೀವು ಹಂಗಲ್ಲ. ಗೊತ್ತಿಲ್ಲ ಅನ್ನೋರು. ಇದ್ರೂ ಇರಬೌದು ಅನ್ನೋರು. ಇ‌ರಬೌದು ಅಂದ್ಕೊಂಡೂ, ಹೊಟ್ಟೇಲಿ ಇದನ್ನ ಇಟ್ಕೊಂಡು ನಾನು ಇಲ್ಲಿ ಕೂತಿರುವಾಗ, ಹೆಂಗೆ ಕೈ ಬಂತು ನಿಮಗೆ?”

ಮುನಿಶಾಮಿಯ ಬಾಯಿಗೆ ಉತ್ತರವೊಂದು ಬಂತು. ಟೀ ಅಂಗಡಿಯಲ್ಲಿ, ಅರಳಿಕಟ್ಟೆಯಲ್ಲಿ, ಕೇಳಿದವರಿಗೆಲ್ಲ ತಲೆ ಎತ್ತಿ ಹೇಳುತ್ತಿದ್ದ ಅದೇ ಮಾತು. ಬೇರೆ ಯಾವ ಮಾತೂ ಅವನ ಹತ್ತಿರ ಇರಲಿಲ್ಲ. ಅದನ್ನು ಅವಳ ಮುಂದೆ ಆಡಲು ನಾಚಿಕೆಯಾಗಿ ನುಂಗಿಕೊಂಡ.

“ಹೇಳಿ,” ಎಂದಳು ಅನಸೂಯಮ್ಮ.

ಅವನು ಅವಳ ಹತ್ತಿರ ಹೋಗಿ ಕೂರಲು ಬಗ್ಗಿದ. ಅವಳ ಕಡೆಗೆ ಕೈ ಚಾಚಿದ. ಅನಸೂಯಮ್ಮ ಮೊರವನ್ನು ಸರಿಸಿ ಎರಡೂ ಕೈಗಳಿಂದ ಹೊಟ್ಟೆ ಮುಚ್ಚಿಕೊಂಡಳು. ಹಾಗೆಯೇ ಗೋಡೆ ಹಿಡಿದು ಎದ್ದು, ಅವನಿಗೆ ಬೆನ್ನು ಮಾಡಿ ಒಳಗೆ ಹೋದಳು. ಅವಳು ಆ ಕೂಸನ್ನು ಬಚ್ಚಿಟ್ಟದ್ದು ಯಾವ ದೇವರಿಂದಲೂ ಅಲ್ಲ, ಅವನಿಂದ. ಅದೊಂದು ಮಾತ್ರ ಮುನಿಶಾಮಿಗೆ ಚೆನ್ನಾಗಿ ಗೊತ್ತಾಯಿತು.